ಮಾಗಿಯ ಬಾಳೆ

ಶಿವಮೊಗ್ಗದವನೊಬ್ಬ ಬಾಳೆ ಬೆಳೆಸುವ ವಿಚಾರವಾಗಿ ಮಾತನಾಡಹೊರಟರೆ ಕೇಳುವವರಿಗೆ ನಗು ಬಂದೀತು. ತುಂಗೆ ಭದ್ರೆಯರ ನಡುವಣ ಈ ನೆಲದಲ್ಲಿ ಬಾಳೆಯನ್ನು ಯಾರೂ ಬೆಳೆಸುವುದಿಲ್ಲ. ಅದು ತಾನಾಗಿ ಬೆಳೆಯುತ್ತದೆ, ನಾವು ಕಡಿದುಕೊಳ್ಳುತ್ತೇವೆ, ಅಷ್ಟೆ. ಬಚ್ಚಲ ನೀರು ಹರಿಯುವ ಕಡೆ ಒಂದು ಕಂದನ್ನು ಊರಿದರೆ ಸಾಕು, ಮೊಮ್ಮಕ್ಕಳ ಕಾಲದವರೆಗೆ ಎಲೆಗೂ ಬರವಿಲ್ಲ, ಹಣ್ಣಿಗೂ ಬರವಿಲ್ಲ. ನಾನೂ ಬಹುಕಾಲ ಹೀಗೆಯೇ ತಿಳಿದಿದ್ದೆ. ಬಾಳೆಯ ವಿಷಯದಲ್ಲಿ ನನಗೆ ತಿಳಿದದ್ದು ಬಹಳ ಸ್ವಲ್ಪವೆಂಬುದು ಮನವರಿಕೆಯಾದದ್ದು, ಹಿಮ ಬೀಳುವ ಊರಿನಲ್ಲಿದ್ದ ಒಂದು ಬಾಳೆಗಿಡವನ್ನು ನನ್ನ ಸಲಹೆಯೇ ಕೊಂದಮೇಲೆ.

ನಮ್ಮ ಹಿತ್ತಲಿನ ಏಲಕ್ಕಿಬಾಳೆಯ ತವರು ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಅದರ ಸುತ್ತ ಬೆಳೆದ ವಸತಿಗಳಲ್ಲಿ ಒಂದು ಮನೆಯಲ್ಲಿ ನನ್ನ ಅಕ್ಕ ಬಾಳುವೆ ಮಾಡಿದಳು. ಭಾವನವರು ಪಾಳಿಗೆ ಹೊರಟರೆಂದರೆ ಅಕ್ಕ ಹಿತ್ತಲಿಗೆ ಇಳಿಯುವಳು. ನಾವು ಶಿವಮೊಗ್ಗದಲ್ಲಿ ಮನೆ ಕಟ್ಟಿ ಒಕ್ಕಲು ಬಂದ ವರ್ಷ ಆಕೆ ಗೋಣಿಯಲ್ಲಿ ಸುತ್ತಿದ ಎರಡು ಕಂದುಗಳನ್ನು ಬಸ್ಸಿನಲ್ಲಿ ಹೊತ್ತು ತಂದು ನನ್ನ ಪತ್ನಿಯ ಕೈಗೆ ಕೊಟ್ಟಳು. ಅಂದು ನೆಟ್ಟದ್ದು ಇಂದಿಗೂ ಇದೆ. ನನ್ನ ಪತ್ನಿ ಇಂದು ಇಲ್ಲ. ಆಕೆ ತೀರಿಕೊಂಡಾಗ ಬಂದಿದ್ದ ಮಗಳು, ಹೊರಡುವ ಹಿಂದಿನ ದಿನ ಹಿತ್ತಲಿನಲ್ಲಿ ನಿಂತು, "ಅಪ್ಪಾ, ಅಮ್ಮ ನೆಟ್ಟಿದ್ದರಲ್ಲಿ ಒಂದು ಕಂದು ಕಿತ್ತುಕೊಡಿ, ಅಲ್ಲಿ ನೆಡುತ್ತೇನೆ" ಎಂದಳು. ಅಲ್ಲಿ ಎಂದರೆ ಅಮೆರಿಕದ ನ್ಯೂಜೆರ್ಸಿ. ಜನವರಿಯ ರಾತ್ರಿಗಳಲ್ಲಿ ನೀರು ಕಲ್ಲಾಗುವ ಊರು.

ಆ ಕಂದನ್ನು ನಾನು ಕೊಡಲಿಲ್ಲ, ಕೊಡುವಂತಿರಲಿಲ್ಲ. ಮಣ್ಣು ಮೆತ್ತಿದ ಗಿಡವನ್ನು ಪ್ರಯಾಣಿಕರು ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಒಯ್ಯಲು ಕಾನೂನಿನ ಅಡ್ಡಿಯುಂಟು. ಬಾಳೆಯ ವಿಷಯದಲ್ಲಂತೂ ಆ ಅಡ್ಡಿ ಸಕಾರಣವಾದದ್ದು. ಗೆಡ್ಡೆಯೊಳಗೆ ಅದನ್ನು ಕೊರೆಯುವ ಹುಳು ಅಡಗಿರಬಹುದು. ಅಂಟಿದ ಮಣ್ಣಿನಲ್ಲಿ ಪನಾಮಾ ಸೊರಗುರೋಗದ ಶಿಲೀಂಧ್ರವಿರಬಹುದು; ನಮ್ಮ ನಂಜನಗೂಡಿನ ರಸಬಾಳೆಯನ್ನು ಬಡವಾಗಿಸಿದ್ದು ಇದೇ ರೋಗ. ಎಲೆಗಳನ್ನೆಲ್ಲ ತುದಿಯಲ್ಲಿ ಗೊಂಚಲಾಗಿಸಿ ಗಿಡವನ್ನು ಕುಬ್ಜವಾಗಿಸುವ ನಂಜುರೋಗವೊಂದು 1940ರ ಸುಮಾರಿಗೆ ಸಿಂಹಳದಿಂದ ತಿರುವಾಂಕೂರಿಗೆ ಬಂತು; ಬಂದದ್ದು ನೆಡಲು ತಂದ ಕಂದುಗಳ ಜೊತೆಯಲ್ಲಿಯೇ ಎನ್ನುತ್ತಾರೆ. ಪ್ರೀತಿಯಿಂದ ಒಯ್ದ ಗಿಡವಾದರೂ ರೋಗಕ್ಕೆ ಪ್ರೀತಿಯ ಅರಿವಿಲ್ಲ.

ಮಗಳು ಅಲ್ಲಿಯೇ ಸಸಿ ಮಾರುವವರಿಂದ ಪಚ್ಚಬಾಳೆಯ ಜಾತಿಯದೊಂದನ್ನು ಕುಂಡದಲ್ಲಿ ಕೊಂಡು ತಂದಳು. ಬೇಸಿಗೆಯುದ್ದಕ್ಕೂ ಅದು ಚೆನ್ನಾಗಿ ಬೆಳೆಯಿತು. ಚಳಿ ಬಂದಾಗ ಒಳಗೆ ತಂದಿಟ್ಟಳು. ಎಲೆ ಜೋತಿದೆ, ಏನು ಮಾಡಲಿ ಎಂದು ಕೇಳಿದಳು. ನಾನು ಅಕ್ಕನ ಬಚ್ಚಲ ಬಾಳೆಯನ್ನು ನೆನೆದು, "ದಿನವೂ ನೀರು ಹಾಕಮ್ಮ" ಎಂದೆ. ಜನವರಿಯಲ್ಲಿ ಅದು ಬುಡದಲ್ಲಿ ಕೊಳೆತು ಒರಗಿತು. ಮಗಳು ನನ್ನನ್ನು ದೂರಲಿಲ್ಲ. ದೂರಿದ್ದರೆ ಸುಲಭವಾಗುತ್ತಿತ್ತು. ಆಮೇಲೆ ನಾನು ಬಾಳೆಯನ್ನು ಕುರಿತು ಓದತೊಡಗಿದೆ. ಓದಿದ್ದನ್ನು ಹಿತ್ತಲಿಗೆ ಹೋಗಿ ನೋಡತೊಡಗಿದೆ. ಅದರ ಫಲವೇ ಈ ಮಾತು.

ಬಾಳೆ ಮರವಲ್ಲ. ನಾವು ಬಾಳೆಕಂಬ ಎನ್ನುವುದು ಕಾಂಡವೂ ಅಲ್ಲ. ಒಂದರೊಳಗೊಂದು ಅಪ್ಪಿಕೊಂಡ ಎಲೆಯ ಬುಡಗಳ ಸುರುಳಿ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಬೇರು ಹೊರಡುವುದು ಅಲ್ಲಿಂದ, ಎಲೆ ಹುಟ್ಟುವುದು ಅಲ್ಲಿಂದ, ಪಕ್ಕದ ಕಂದುಗಳು ಮೂಡುವುದೂ ಅಲ್ಲಿಂದಲೇ. ಆಳೆತ್ತರದ ಬಾಳೆಯ ಬೆಳೆಯುವ ಕುಡಿ, ಹೂ ಬಿಡುವ ಕಾಲದವರೆಗೂ, ಮಣ್ಣಿನ ಮಟ್ಟದಲ್ಲಿಯೇ ಕುಳಿತಿರುತ್ತದೆ. ಗೊತ್ತಾದಷ್ಟು ಎಲೆಗಳನ್ನು ಹೊರಕ್ಕೆ ಕಳುಹಿಸಿ ಮುಗಿಸಿದ ಮೇಲೆ ಆ ಕುಡಿ ಹೂವಾಗಿ ಮಾರ್ಪಟ್ಟು, ಸುರುಳಿಯ ನಡುವೆ ಏರುತ್ತ ಬಂದು, ತುದಿಯಲ್ಲಿ ಹೊರಗೆ ಇಣುಕುತ್ತದೆ. ಹಾಗೆ ಏರಿ ಬಂದ ದಂಟೇ ನಾವು ಪಲ್ಯ ಮಾಡಿ ಉಣ್ಣುವ ಬಾಳೆದಿಂಡು. ಗೊನೆ ಕಡಿದ ಬಾಳೆಯಲ್ಲಿ ದಿಂಡು ಸಿಕ್ಕುತ್ತದೆ, ಎಳೆಯ ಬಾಳೆಯಲ್ಲಿ ಸಿಕ್ಕುವುದಿಲ್ಲ ಎಂಬುದು ಮಲೆನಾಡಿನ ಪ್ರತಿ ಗೃಹಿಣಿಗೂ ಗೊತ್ತು. ಅದರ ಕಾರಣ ಇದು.

ಬಾಳೆಯನ್ನು ಸುಲಿಯುತ್ತ ಹೋದರೆ ಒಳಗೆ ತಿರುಳಿಲ್ಲವೆಂಬುದು ನಮ್ಮ ಹಿಂದಿನವರು ಸಂಸಾರದ ನಿಸ್ಸಾರತೆಗೆ ಕೊಡುತ್ತಿದ್ದ ದೃಷ್ಟಾಂತ. ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಕೊನೆಗೆ ಸೇರಿದ್ದು ಶ್ರೀಶೈಲದ ಕದಳಿಯನ್ನು ಎಂಬ ಐತಿಹ್ಯವೂ ಉಂಟು. ದೃಷ್ಟಾಂತದಲ್ಲಿ ತಪ್ಪಿಲ್ಲ. ಹೂ ಬಿಡದ ಬಾಳೆಗೆ ನಿಜವಾಗಿಯೂ ನಡುವಿನಲ್ಲಿ ಏನೂ ಇಲ್ಲ. ತಿರುಳನ್ನು ಹುಡುಕಬೇಕಾದದ್ದು ಕಂಬದಲ್ಲಲ್ಲ, ಕಾಲಡಿಯಲ್ಲಿ. ಚಳಿಯ ನಾಡಿನಲ್ಲಿ ಬಾಳೆಯನ್ನು ಉಳಿಸಿಕೊಳ್ಳುವ ವಿದ್ಯೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಚಳಿ ತೆಗೆದುಕೊಳ್ಳುವುದು ಎಲೆಯನ್ನು, ಕಂಬವನ್ನು. ಗೆಡ್ಡೆಯನ್ನು ಕಾಪಾಡಿಕೊಂಡವನಿಗೆ ಗಿಡ ಉಳಿಯಿತು.

ಚಳಿ ಬಾಳೆಗೆ ಮಾಡುವ ಅಪಾಯ ಮೂರು ಬಗೆಯದು. ಮೊದಲನೆಯದು ನಮ್ಮ ಊರಿನಲ್ಲಿಯೇ ಕಾಣುವಂಥದು. ಬಾಳೆ ಹಿಗ್ಗಿ ಬೆಳೆಯುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ. 16ರ ಸುಮಾರಿಗೆ ಇಳಿದರೆ ಹೊಸ ಎಲೆ ಬಿಚ್ಚುವುದೇ ನಿಂತಂತೆ. ಶಿವಮೊಗ್ಗ ಭದ್ರಾವತಿಗಳಲ್ಲಿ ಮಾಗಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಹಗಲು ಮತ್ತೆ ಬಿಸಿಲೇರುವುದರಿಂದ ಗಿಡಕ್ಕೆ ಅಪಾಯವಿಲ್ಲ, ಆದರೆ ಅದು ತೂಕಡಿಸುತ್ತದೆ. ಮಳೆಗಾಲದ ಆಚೀಚೆ ವಾರಕ್ಕೊಂದು ಎಲೆ ಬಿಚ್ಚುವ ಬಾಳೆ ಪುಷ್ಯಮಾಸದಲ್ಲಿ ಎರಡು ಮೂರು ವಾರಕ್ಕೊಂದು ಬಿಚ್ಚುತ್ತದೆ. ಮಾಗಿಯಲ್ಲಿ ಕಡಿದ ಗೊನೆಯೂ ಬೇಗ ಮಾಗುವುದಿಲ್ಲ. ಮಂಡಿಯವರು ಹೊಗೆ ಹಾಕುತ್ತಾರೆ, ಮನೆಯವರು ಅಕ್ಕಿಯ ಡಬ್ಬದಲ್ಲಿ ಹುಗಿಯುತ್ತಾರೆ.

ಎರಡನೆಯದು, ಹೆಪ್ಪುಗಟ್ಟದಿದ್ದರೂ ತಟ್ಟುವ ಚಳಿ. 13 ಡಿಗ್ರಿಗಿಂತ ಕೆಳಗೆ ಇಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ನೋಡಿದವರಿಗೆಲ್ಲ ಇದರ ಅನುಭವವಿದೆ. ಚಳಿಯಿಂದ ಜೀವಕೋಶದ ಒಳಗಿನ ತೆಳುಪೊರೆಗಳು ಕೆಟ್ಟು, ಬೇರೆ ಬೇರೆಯಾಗಿರಬೇಕಾದ ರಸಗಳು ಬೆರೆತು, ಗಾಳಿ ಸೋಕಿ ಕಪ್ಪಾಗುವ ಕ್ರಿಯೆ ಇದು. ಗಿಡದಲ್ಲಿ ಇಂಥದೇ ಇನ್ನೊಂದು ತೊಂದರೆ ಉಂಟು. ಒಂದು ವರ್ಷ ಅಕ್ಕನ ಹಿತ್ತಲಿನ ಗಿಡ್ಡ ಪಚ್ಚಬಾಳೆ ಪುಷ್ಯದ ನಡುವೆ ಹೂ ಹೊರಡಿಸಿತು. ಗೊನೆ ಅರ್ಧ ಹೊರಬಂದು ಕತ್ತಿನಲ್ಲಿ ಸಿಕ್ಕಿಕೊಂಡಂತೆ ನಿಂತುಬಿಟ್ಟಿತು. ದೃಷ್ಟಿ ತಾಗಿತೆಂದು ನೆರೆಯವರು ಅಂದರು. ಚಳಿಯಲ್ಲಿ ಒಳದಂಟು ನೀಳವಾಗಿ ಬೆಳೆಯದೆ, ತುದಿಯ ಎಲೆಗಳು ಒತ್ತಾಗಿ ಕೂಡಿ ಗೊನೆಗೆ ದಾರಿ ಬಿಡದಿರುವುದು ಪಚ್ಚಬಾಳೆಯ ಗಿಡ್ಡ ತಳಿಗಳಲ್ಲಿ ಎಲ್ಲೆಡೆಯೂ ಕಂಡ ಸಂಗತಿಯೆಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅದೇ ವರ್ಷ ಅಕ್ಕನ ಬಚ್ಚಲ ಗೋಡೆಗೆ ಒತ್ತಿ ಬೆಳೆದಿದ್ದ ಬಾಳೆಗೆ ಏನೂ ಆಗಿರಲಿಲ್ಲ. ಬೇಲಿಯ ಬಳಿಯ ಗಿಡ ತೆರೆದ ಆಕಾಶಕ್ಕೆ ತನ್ನ ಕಾವನ್ನು ರಾತ್ರಿಯೆಲ್ಲ ಬಿಟ್ಟುಕೊಡುತ್ತದೆ. ಗೋಡೆಯಾದರೋ ಹಗಲು ಕುಡಿದ ಬಿಸಿಲನ್ನು ರಾತ್ರಿ ನಿಧಾನವಾಗಿ ಹಿಂದಿರುಗಿಸುತ್ತದೆ. ಹಂಡೆಯ ಬಿಸಿನೀರು ದಿನವೂ ಹರಿದ ನೆಲವಂತೂ ತಣ್ಣಗಾಗುವುದೇ ಇಲ್ಲ. ಚಳಿಯ ದೇಶಗಳಲ್ಲಿ ಬಾಳೆ ನೆಡುವವರು ಬಿಸಿಲು ಬೀಳುವ ಗೋಡೆಯ ಮಗ್ಗುಲನ್ನೇ ಆರಿಸುತ್ತಾರೆ. ಅಕ್ಕ ಓದಿ ತಿಳಿದವಳಲ್ಲ. ನೀರು ಹರಿಯುವ ಕಡೆ ನೆಟ್ಟಿದ್ದಳು, ಅಷ್ಟೆ.

ಮೂರನೆಯದು ಮಂಜುಗಡ್ಡೆಯ ಚಳಿ. ಸೊನ್ನೆಗಿಂತ ಕೆಳಗಿಳಿದ ರಾತ್ರಿ ಎಲೆಯೊಳಗಿನ ನೀರು ಗಡ್ಡೆಕಟ್ಟುತ್ತದೆ. ಬೆಳಗಾಗುವಾಗ ಎಲೆ ಬೇಯಿಸಿದ ಸೊಪ್ಪಿನಂತೆ ಜೋಲುತ್ತದೆ, ಎರಡು ದಿನದಲ್ಲಿ ಕಪ್ಪಾಗುತ್ತದೆ. ನೋಡುವವರು ಗಿಡ ಸತ್ತಿತೆಂದು ಕಿತ್ತೆಸೆಯುವುದು ಈ ಹೊತ್ತಿನಲ್ಲಿಯೇ. ಆದರೆ ಗಾಳಿಯಷ್ಟು ಬೇಗ ನೆಲ ತಣ್ಣಗಾಗುವುದಿಲ್ಲ. ಮೇಲೆ ಹಿಮ ಬಿದ್ದರೆ ಅದೂ ಒಂದು ಹೊದಿಕೆಯೇ.

ಎಲ್ಲ ಬಾಳೆಗಳ ಗೆಡ್ಡೆಯೂ ಸಮಾನವಾಗಿ ಗಟ್ಟಿಯಲ್ಲ. ನಾವು ತಿನ್ನುವ ಬಾಳೆಗಳಿಗೆ ಮೂಲಪುರುಷರು ಇಬ್ಬರು. ಮೂಸಾ ಅಕ್ಯುಮಿನೇಟಾ ಎಂಬುದೊಂದು ಕಾಡುಬಾಳೆ, ಮೂಸಾ ಬಾಲ್ಬಿಸಿಯಾನಾ ಎಂಬುದು ಇನ್ನೊಂದು. ಯಾವ ತಳಿಯಲ್ಲಿ ಯಾರ ಅಂಶ ಎಷ್ಟಿದೆಯೆಂದು ಲಕ್ಷಣಗಳಿಗೆ ಅಂಕ ಕೊಟ್ಟು ನಿರ್ಣಯಿಸುವ ಕ್ರಮವನ್ನು ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿದ್ವಾಂಸರು 1955ರಲ್ಲಿ ಪ್ರಕಟಿಸಿದರು. ಪಚ್ಚಬಾಳೆ ಪೂರ್ತಿಯಾಗಿ ಮೊದಲನೆಯದರ ಸಂತಾನ. ಏಲಕ್ಕಿಬಾಳೆ ಇಬ್ಬರಿಂದಲೂ ಒಂದೊಂದು ಪಾಲು ಪಡೆದದ್ದು. ಬೂದುಬಾಳೆಯಲ್ಲಿ ಎರಡನೆಯದರ ಪಾಲು ಎರಡು. ಬಾಲ್ಬಿಸಿಯಾನಾದ ಅಂಶ ಹೆಚ್ಚಿದಷ್ಟೂ ಬರವನ್ನೂ ಚಳಿಯನ್ನೂ ತಡೆಯುವ ಶಕ್ತಿ ಸಾಮಾನ್ಯವಾಗಿ ಹೆಚ್ಚು. ಹೀಗಾಗಿ ಅಕ್ಕನ ಪಚ್ಚಬಾಳೆ ಸೋತಲ್ಲಿ ಏಲಕ್ಕಿಬಾಳೆ ನಿಂತದ್ದರಲ್ಲಿ ಗೋಡೆಯ ಪುಣ್ಯವೆಷ್ಟೋ ಕುಲದ ಪುಣ್ಯವೂ ಅಷ್ಟೇ. ಆದರೂ ನ್ಯೂಜೆರ್ಸಿಯ ಚಳಿಯನ್ನು ಇವು ಯಾವುವೂ ಬಯಲಿನಲ್ಲಿ ತಡೆಯಲಾರವು.

ತಡೆಯಬಲ್ಲ ಬಾಳೆಗಳು ಬೇರೆ ಇವೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಮೂಸಾ ಸಿಕ್ಕಿಮೆನ್ಸಿಸ್ ನಮ್ಮ ದೇಶದ್ದೇ. ಅದಕ್ಕಿಂತಲೂ ಗಟ್ಟಿಯಾದದ್ದು ಮೂಸಾ ಬಾಸ್ಜೂ. ಜಪಾನಿನ ಬಾಳೆಯೆಂದು ಹೆಸರಾದರೂ ಅದರ ಹುಟ್ಟೂರು ದಕ್ಷಿಣ ಚೀನ. ಇದರ ಕಂಬ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿನ ಚಳಿಯನ್ನು ತಾಳುತ್ತದೆ. ಗೆಡ್ಡೆ ಮಾತ್ರ, ಮೇಲೆ ಒಳ್ಳೆಯ ಮುಚ್ಚಿಗೆಯಿದ್ದರೆ, ಸೊನ್ನೆಗಿಂತ 15 ಡಿಗ್ರಿ ಕೆಳಗಾದರೂ ಬದುಕಿಕೊಳ್ಳುತ್ತದೆ. ಕಾಯಿ ಬಿಟ್ಟರೂ ಬೀಜವೇ ತುಂಬಿದ, ತಿನ್ನಲು ಬಾರದ ಕಾಯಿ.

ಈ ನಿಷ್ಪ್ರಯೋಜಕ ಬಾಳೆಗೆ ಸಾಹಿತ್ಯದಲ್ಲಿ ದೊಡ್ಡ ಸ್ಥಾನವಿದೆ. ಜಪಾನಿನ ಹಾಯ್ಕು ಕವಿ ಮಾತ್ಸುವೊ ಬಾಶೋ (1644–1694) ಎದೋ ನಗರದ ಹೊರವಲಯದ ಗುಡಿಸಲಿಗೆ ಬಂದು ನೆಲೆಸಿದಾಗ, 1681ರಲ್ಲಿ, ಶಿಷ್ಯನೊಬ್ಬ ಅಂಗಳದಲ್ಲಿ ನೆಡಲು ಬಾಳೆಯ ಗಿಡ ತಂದುಕೊಟ್ಟ. ಜನ ಅದನ್ನು ಬಾಳೆಯ ಗುಡಿಸಲೆಂದರು; ಕವಿ ಬಾಳೆಯ ಹೆಸರನ್ನೇ ತನ್ನ ಕಾವ್ಯನಾಮವಾಗಿ ಇಟ್ಟುಕೊಂಡ. ಬಾಶೋ ಎಂದರೆ ಬಾಳೆ. ಮರುವರ್ಷದ ಚಳಿಗಾಲದಲ್ಲಿ ಎದೋದ ಮಹಾ ಅಗ್ನಿಯಲ್ಲಿ ಗುಡಿಸಲು ಸುಟ್ಟಿತು. ಹೊಸ ಗುಡಿಸಲು ಎದ್ದಾಗ ಮತ್ತೆ ಬಾಳೆಯನ್ನು ನೆಟ್ಟರು. 1692ರಲ್ಲಿ ಇನ್ನೊಂದು ಗುಡಿಸಲಿಗೆ ಬಂದಾಗಲೂ ಬಾಳೆ ಅವನ ಜೊತೆಗೆ ಬಂತು. ಅದನ್ನು ಸ್ಥಳಾಂತರಿಸಿದ ಬಗೆಗೇ ಒಂದು ಗದ್ಯಬರಹವನ್ನು ಬರೆದ. ಗಾಳಿಗೆ ಹರಿಯುವ ಎಲೆ, ಯಾವ ಉಪಯೋಗಕ್ಕೂ ಬಾರದ ಕಂಬ; ಇವೇ ಅವನಿಗೆ ಮೆಚ್ಚಿಕೆಯಾದ ಗುಣಗಳು. ಹಣ್ಣಿನ ಆಸೆಯಿಂದ ಬಾಳೆಯನ್ನು ನೋಡುವ ನಮಗೆ ಇದು ವಿಚಿತ್ರವಾಗಿ ಕಂಡೀತು.

ಇದನ್ನೆಲ್ಲ ತಿಳಿದ ಮೇಲೆ ಮಗಳಿಗೆ ಮೂಸಾ ಬಾಸ್ಜೂವಿನ ಸಸಿ ತರಲು ಹೇಳಿದೆ. ಈ ಸಲ ನನ್ನ ತಪ್ಪನ್ನೂ ಹೇಳಿಕೊಂಡೆ. ಎಲೆ ಬಿಸಿಲಿನಲ್ಲಿ ಉಸಿರಾಡುವಾಗ ಮಾತ್ರ ಬೇರು ನೀರನ್ನು ಸೆಳೆಯುತ್ತದೆ. ಚಳಿಯಲ್ಲಿ ನಿದ್ರಿಸುವ ಗಿಡಕ್ಕೆ ಎರೆದ ನೀರು ಮಣ್ಣಿನಲ್ಲಿಯೇ ನಿಂತು, ಅಲ್ಲಿದ್ದ ಗಾಳಿಯನ್ನು ಹೊರದೂಡಿ, ಬೇರನ್ನೂ ಗೆಡ್ಡೆಯನ್ನೂ ಕೊಳೆಯಿಸುತ್ತದೆ. ನೀರಿಲ್ಲದೆ ಸಾಯುವ ಬಾಳೆಗಿಂತ ಚಳಿಗಾಲದಲ್ಲಿ ನೀರು ಕುಡಿದು ಸಾಯುವ ಬಾಳೆಯೇ ಹೆಚ್ಚು.

ಅವಳು ಅನುಸರಿಸಿದ ಕ್ರಮ ಇದು. ಬಿಸಿಲು ಬೀಳುವ ಗೋಡೆಯ ಮಗ್ಗುಲಿನಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ, ಮೇ ತಿಂಗಳಿನಲ್ಲಿ ನೆಟ್ಟಳು. ಬೇಸಿಗೆಯಲ್ಲಿ ಗೊಬ್ಬರಕ್ಕೂ ನೀರಿಗೂ ಮಿತಿಯಿಲ್ಲ. ಆಗಸ್ಟ್ ಮುಗಿದ ಮೇಲೆ ಗೊಬ್ಬರ ನಿಲ್ಲಿಸಬೇಕು, ಇಲ್ಲವಾದರೆ ಚಳಿ ಬರುವ ಹೊತ್ತಿಗೆ ಗಿಡ ಎಳೆಯದಾಗಿಯೇ ಇರುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಮೊದಲ ಮಂಜುಗಡ್ಡೆಯ ರಾತ್ರಿ ಬರುತ್ತದೆ. ಆಗ ಕಂಬವನ್ನು ಮೊಳಕಾಲೆತ್ತರಕ್ಕೆ ಕಡಿದು, ಸುತ್ತ ತಂತಿಬಲೆಯ ಆವರಣ ಕಟ್ಟಿ, ಅದರೊಳಗೆ ಒಣಗಿದ ಎಲೆಗಳನ್ನು ಎರಡು ಅಡಿಯಷ್ಟು ತುಂಬಬೇಕು. ಮೇಲೆ ಮಳೆ, ಹಿಮದ ನೀರು ಇಳಿಯದಂತೆ ಒಂದು ಹೊದಿಕೆ. ತೇವವಾದ ಮುಚ್ಚಿಗೆ ಮುಚ್ಚಿಗೆಯಲ್ಲ. ಕಾವನ್ನು ಹಿಡಿದಿಡುವುದು ಒಣ ಎಲೆಗಳ ನಡುವೆ ನಿಂತ ಗಾಳಿ.

ಇದನ್ನು ಕೇಳಿದಾಗ ನನಗೆ ಹೊಸದೆನಿಸಲಿಲ್ಲ. ನಮ್ಮ ತೋಟಗಾರರು ಎಳೆಯ ಅಡಿಕೆಮರದ ಮೈಗೆ ಬಿಸಿಲು ಬಡಿಯದಂತೆ ಸೋಗೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಾರೆ. ಬುಡಕ್ಕೆ ಸೊಪ್ಪು ದರಗು ಹೊದಿಸುತ್ತಾರೆ. ಒಂದು ಕಡೆ ಬಿಸಿಲಿಗೆ, ಒಂದು ಕಡೆ ಮಳೆಗೆ, ಇನ್ನೊಂದು ಕಡೆ ಹಿಮಕ್ಕೆ. ಗಿಡಕ್ಕೆ ಬಟ್ಟೆ ತೊಡಿಸುವ ಕೆಲಸ ಎಲ್ಲ ಕಡೆಗೂ ಒಂದೇ.

ಈ ಬಾಳೆಯಿಂದ ಹಣ್ಣನ್ನು ಬಯಸುವಂತಿಲ್ಲ. ತಿನ್ನುವ ಬಾಳೆಗೆ ನೆಟ್ಟಂದಿನಿಂದ ಗೊನೆ ಕಡಿಯುವವರೆಗೆ ಹೆಚ್ಚುಕಡಿಮೆ ಒಂದು ವರ್ಷದ ಬೆಚ್ಚಗಿನ ದಿನಗಳು ಬೇಕು. ಅಲ್ಲಿ ದೊರೆಯುವುದು ಆರು ತಿಂಗಳು. ಹಣ್ಣೇ ಬೇಕೆಂಬುವರು ಗಿಡ್ಡ ತಳಿಯನ್ನು ಕುಂಡದಲ್ಲಿಟ್ಟು ಚಳಿಗಾಲಕ್ಕೆ ಬೆಳಕಿರುವ ಕೋಣೆಗೆ ಸಾಗಿಸಿ, ನೀರನ್ನು ಬಹಳ ಕಡಿಮೆ ಮಾಡಿ, ಕಾಯಬೇಕಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬಾಳೆಯೆಂದರೆ ಹಣ್ಣು ಮಾತ್ರವಲ್ಲವಷ್ಟೆ. ಮಗಳ ಬಾಳೆಯ ಪಂಚಾಂಗವನ್ನು ನೋಡಿ. ಯುಗಾದಿಗೆ ಅದು ಇನ್ನೂ ಮುಚ್ಚಿಗೆಯೊಳಗೆ ಮಲಗಿರುತ್ತದೆ. ಅಂದು ಅಂಗಡಿಯ ಎಲೆಯೇ ಗತಿ. ಶ್ರಾವಣದ ಹೊತ್ತಿಗೆ ಆಳೆತ್ತರ ಬೆಳೆದಿರುತ್ತದೆ. ವರಮಹಾಲಕ್ಷ್ಮಿಗೆ, ಗೌರಿಗೆ, ಗಣಪತಿಗೆ, ದಸರೆಗೆ ಎಲೆ ಹೇರಳ. ದೀಪಾವಳಿಯ ಹೊತ್ತಿಗೆ ಮಂಜುಗಡ್ಡೆಗೆ ಮುನ್ನ ಕಂಬ ಕಡಿಯುವ ಕಾಲ ಬಂದಿರುತ್ತದೆ. ಅಲ್ಲಿನವರು ಗೊಬ್ಬರದ ಗುಂಡಿಗೆ ಎಸೆಯುವ ಆ ಕಂಬಗಳನ್ನು ಅವಳು ಬಾಗಿಲಿನ ಎರಡು ಕಡೆ ಕಟ್ಟುತ್ತಾಳೆ.

ನಮ್ಮ ಘಾಟಿಗಳ ಬಂಡೆಯ ಮೇಲೆ ಕಲ್ಲುಬಾಳೆ ಬೆಳೆಯುವುದನ್ನು ಅನೇಕರು ನೋಡಿರಬಹುದು. ಮಳೆಗಾಲದಲ್ಲಿ ದೊಡ್ಡ ದೊಡ್ಡ ಎಲೆಗಳನ್ನು ಹರಡಿ, ನೆಲ ಒಣಗಿದಂತೆ ಎಲ್ಲವನ್ನೂ ಕಳಚಿ, ಬುಡವೊಂದನ್ನೇ ಉಳಿಸಿಕೊಂಡು ಬೇಸಿಗೆಯನ್ನು ಕಳೆಯುತ್ತದೆ. ಮತ್ತೆ ಮಳೆ ಬಿದ್ದಾಗ ಎಲೆ. ಅದರ ಶತ್ರು ಒಣಹವೆ, ಜಪಾನಿನ ಬಾಳೆಯ ಶತ್ರು ಹಿಮ. ಕೇಡುಗಾಲದಲ್ಲಿ ಇಬ್ಬರೂ ಬುಡಕ್ಕೆ ಹಿಂದಿರುಗುತ್ತಾರೆ. ಬಾಳೆಗೆ ಚಳಿಯನ್ನು ಗೆಲ್ಲಲು ಕಲಿಸಬೇಕಾಗಿಲ್ಲ. ಅದು ಹಿಂದಿರುಗಿ ಕಾಯುತ್ತಿರುವಾಗ ಸತ್ತಿತೆಂದು ಕೀಳದಿದ್ದರೆ, ನೀರೆರೆದು ಕೊಳೆಸದಿದ್ದರೆ ಸಾಕು.

ಮೊದಲ ಚಳಿಗಾಲ ಕಳೆದು ಮೇ ತಿಂಗಳಾದರೂ ಮಗಳ ಬಾಳೆ ತಲೆಯೆತ್ತಲಿಲ್ಲ. ಕೀಳಲೇ ಎಂದು ಎರಡು ಸಲ ಕೇಳಿದಳು, ಬೇಡವೆಂದೆ. ತಿಂಗಳ ಕೊನೆಯಲ್ಲಿ ಒಂದು ಬೆಳಗ್ಗೆ ಚಿತ್ರ ಬಂತು. ಕಪ್ಪಾದ ಮೋಟಿನ ನಡುವಿನಿಂದ ಸುತ್ತಿಕೊಂಡ ಹಸುರು ಸುಳಿ, ಪಕ್ಕದಲ್ಲಿ ಕತ್ತಿಯ ಮೊನೆಯಂಥ ಎರಡು ಕಂದು.

ಗೌರಿಹಬ್ಬ ತವರಿನ ಹಬ್ಬ. ದೂರದ ಹೆಣ್ಣುಮಕ್ಕಳಿಗೆ ಬಾಗಿನದ ಹಣ ಕಳುಹಿಸುವುದು ನಮ್ಮಲ್ಲಿ ರೂಢಿ. ಅವಳ ತಾಯಿ ಇದ್ದಾಗ ಆಕೆ ನೆನಪಿಸುತ್ತಿದ್ದಳು, ಈಗ ನಾನೇ ನೆನಪಿಟ್ಟು ಕಳುಹಿಸುತ್ತೇನೆ. ಆ ವರ್ಷ ಹಣ ಮುಟ್ಟಿತೆಂದು ತಿಳಿಸಿದ ಮಗಳು, "ಅಪ್ಪಾ, ಎಲೆ ನಮ್ಮ ಹಿತ್ತಲಿನದೇ" ಎಂದಳು. ಅಮ್ಮ ನೆಟ್ಟ ಬಾಳೆಯ ಕುಲಕ್ಕೆ ಅದು ಸೇರಿದ್ದಲ್ಲ. ಎಲೆ ತುಸು ತೆಳು, ಬೇಗ ಸೀಳುತ್ತದೆಯಂತೆ. ಆದರೂ ಊಟ ಬಡಿಸಿದ್ದಾಳೆ.